ಟರ್ಬೊ ಕಾರಿಗೆ ನಾನು ಇಟ್ಟ ಗ್ಯಾಪು

ತಿರುವನಂತಪುರದ ಉಳ್ಳೂರಿನಲ್ಲಿ ನಾವಿದ್ದ ಬೀದಿಯವರ ಪ್ರಕಾರ ರಾಕೆಟ್ಟಿಗೆ ಬೆಂಕಿ ಹಚ್ಚುವವಳು ನಾನೇ. ಬೆಳಗ್ಗೆ ತುಂಬ ಎಂಬಲ್ಲಿನ ರಾಕೆಟ್ ಕೇಂದ್ರಕ್ಕೆ ಹೋಗುವ ಆಫೀಸು ಬಸ್ಸು ಹತ್ತುತ್ತಿದ್ದೆ, ಕುತ್ತಿಗೆಯಲ್ಲಿ ಗುರುತಿನ ಚೀಟಿ ತೂಗುತ್ತಿತ್ತು, ಯಾರಾದರೂ ಕೆದಕಿದರೆ "ಆಫೀಸಿನ ವಿಷಯ ಹೇಳೋ ಹಾಗಿಲ್ಲ" ಅನ್ನುತ್ತಿದ್ದೆ. ಅಷ್ಟು ಸಾಕಾಗಿತ್ತು. ಮಿಕ್ಸಿ ಸುಟ್ಟರೂ ನಮ್ಮ ಮನೆ, ಟೀವಿಯಲ್ಲಿ ಚುಕ್ಕೆ ಬಂದರೂ ನಮ್ಮ ಮನೆ. ಕರೆಂಟಿನ ವೈರು ಇರುವ ಯಾವ ವಸ್ತುವಾದರೂ ನನಗೆ ಗೊತ್ತಿರಲೇಬೇಕು ಎಂದು ಅವರು ತೀರ್ಮಾನಿಸಿದ್ದರು. ನಾನೂ ಅದನ್ನು ಅಲ್ಲಗಳೆಯುವಷ್ಟು ವಿನಯವಂತೆಯಾಗಿರಲಿಲ್ಲ.

ನಿಜ ಹೇಳಬೇಕೆಂದರೆ ನನ್ನ ಕೆಲಸ ಅದರ ಉಲ್ಟಾ. ರಾಕೆಟ್ಟಿನಲ್ಲಿ ಹೆಚ್ಚು ವೋಲ್ಟೇಜಿನ ಪೆಟ್ಟಿಗೆಗಳಿರುತ್ತವೆ. ಮೇಲೆ ಹೋಗುತ್ತಾ ಹೋಗುತ್ತಾ ಗಾಳಿ ತೆಳ್ಳಗಾದ ಹಾಗೆ ಅವುಗಳೊಳಗೆ ಬೇಡದ ಕಡೆಯೆಲ್ಲ ಕಿಡಿ ಹಾರತೊಡಗುತ್ತದೆ. ಅದು ಹಾರದಂತೆ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಒಂದು ಉಕ್ಕಿನ ಡಬ್ಬಿಯೊಳಗೆ ಪೆಟ್ಟಿಗೆಯನ್ನಿಟ್ಟು, ಪಂಪಿನಿಂದ ಗಾಳಿಯನ್ನೆಲ್ಲ ಹೀರಿ, ಕಿಟಕಿಯಲ್ಲಿ ಕಣ್ಣಿಟ್ಟು ಕೂರುತ್ತಿದ್ದೆ. ಬೇರೆಯವರ ವರದಿಗಳು ನನ್ನ ಮೇಜಿಗೆ ಬಂದರೆ ಕೆಂಪು ಶಾಯಿಯಲ್ಲಿ ಒಂದೇ ಪ್ರಶ್ನೆ ಬರೆದು ವಾಪಸು ಕಳಿಸುತ್ತಿದ್ದೆ: "ಇದನ್ನು ನಿಜವಾಗಿ ಕೆಲಸ ಮಾಡಬೇಕಾದ ಸ್ಥಿತಿಯಲ್ಲಿ ಪರೀಕ್ಷಿಸಿದ್ದೀರಾ, ಅಥವಾ ಮೇಜಿನ ಮೇಲೆ ಮಾತ್ರವೇ?" ಅದಕ್ಕಾಗಿ ನನ್ನನ್ನು ಬೈದುಕೊಳ್ಳದ ಸಹೋದ್ಯೋಗಿ ಇರಲಿಲ್ಲ. ಈ ಪ್ರಶ್ನೆಯನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ನಾನು ನೆನಪಿಟ್ಟುಕೊಳ್ಳಲಿಲ್ಲ.

ನಾವಿದ್ದದ್ದು ಮಹಡಿಯಲ್ಲಿ. ನನ್ನ ಗಂಡ ಬ್ಯಾಂಕಿನವರು, ವರ್ಗವಾಗಿ ಬಂದಿದ್ದರು. ಕೆಳಗೆ ಮನೆಯ ಯಜಮಾನರು. ನಾವು ಅವರನ್ನು ಚೇಟ್ಟನ್ ಅನ್ನುತ್ತಿದ್ದೆವು, ಅಂದರೆ ಅಣ್ಣ. ಸಿಂಗಪುರದ ಹಡಗುಕಟ್ಟೆಯಲ್ಲಿ ಹದಿನೈದು ವರ್ಷ ದುಡಿದು ಊರಿಗೆ ಮರಳಿದವರು. ಬರುವಾಗ ತಮ್ಮ ಕಾರನ್ನೂ ಹಡಗಿನಲ್ಲಿ ಹಾಕಿಸಿ ಕೊಚ್ಚಿ ಬಂದರಿನಲ್ಲಿ ಇಳಿಸಿಕೊಂಡಿದ್ದರು. ಬಿಳಿ ಬಣ್ಣದ ಜಪಾನಿ ಕಾರು. ಅದರ ಎರಡೂ ಬಾಗಿಲಿನ ಮೇಲೆ ಒಂದೊಂದು ಮೊಳ ಉದ್ದಕ್ಕೆ ಟರ್ಬೊ ಎಂದು ಬರೆದಿತ್ತು. ಅಂಬಾಸಡರು, ಫಿಯೆಟ್ಟು, ಮಾರುತಿಗಳ ನಡುವೆ ಅದು ನಿಂತರೆ ಮದುವೆ ಮನೆಗೆ ಬಂದ ಪೊಲೀಸು ಅಧಿಕಾರಿಯ ಹಾಗೆ ಸುತ್ತ ಜಾಗ ತಾನಾಗಿ ಖಾಲಿಯಾಗುತ್ತಿತ್ತು. ಊರಿನ ಯಾವ ಮೆಕ್ಯಾನಿಕ್ಕೂ ಅದನ್ನು ಮುಟ್ಟುತ್ತಿರಲಿಲ್ಲ. ಬಾನೆಟ್ ಎತ್ತಿ, ಒಳಗೆ ನೋಡಿ, "ಕಂಪ್ಯೂಟರ್" ಎಂದು ಪಿಸುಗುಟ್ಟಿ, ಮೆಲ್ಲಗೆ ಮುಚ್ಚುತ್ತಿದ್ದರು.

ಮುಟ್ಟಿದವನು ನಮ್ಮಪ್ಪ.

ಅಪ್ಪ ಮೈಸೂರಿನಲ್ಲಿ ಸರ್ಕಾರಿ ಜೀಪುಗಳ ವರ್ಕ್‌ಶಾಪಿನಲ್ಲಿ ಮೇಸ್ತ್ರಿಯಾಗಿದ್ದ. ಪೆಟ್ರೋಲು ಜೀಪಿನ ಇಂಜಿನ್ನು ಎಲ್ಲಿ ಕೆಮ್ಮುತ್ತಿದೆ ಎಂದು ರಸ್ತೆಯ ಆಚೆ ಬದಿಯಿಂದಲೇ ಹೇಳುತ್ತಿದ್ದವನು. ರಿಟೈರಾದ, ಅಮ್ಮ ತೀರಿಕೊಂಡಳು, ನಾನು ಜುಲುಮೆ ಮಾಡಿ ನಮ್ಮಲ್ಲಿಗೆ ಕರೆತಂದೆ. ಮೊದಲ ಎರಡು ತಿಂಗಳು ಅವನನ್ನು ನೋಡಲಾಗುತ್ತಿರಲಿಲ್ಲ. ಬೆಳಗ್ಗೆ ಎದ್ದು, ಶೇವ್ ಮಾಡಿಕೊಂಡು, ಇಸ್ತ್ರಿ ಷರಟು ಹಾಕಿಕೊಂಡು, ಬಾಲ್ಕನಿಯಲ್ಲಿ ಕುರ್ಚಿ ಹಾಕಿ ಕೂರುತ್ತಿದ್ದ, ಯಾರೋ ಬಂದು ಕರೆಯುತ್ತಾರೆ ಅನ್ನುವ ಹಾಗೆ. ಯಾರೂ ಕರೆಯುತ್ತಿರಲಿಲ್ಲ. ಆಮೇಲೆ ಜಂಕ್ಷನ್ನಿನ ಆಟೋ ಸ್ಟ್ಯಾಂಡಿಗೆ ಹೋಗಿ ಚಹಾ ಕುಡಿಯುವ ಅಭ್ಯಾಸ ಮಾಡಿಕೊಂಡ. ಒಂದು ದಿನ ಅಲ್ಲಿಂದ ಬರುವಾಗ ಅವನ ಉಗುರಿನಲ್ಲಿ ಗ್ರೀಸು ಕಂಡಿತು, ನನಗೆ ಹಬ್ಬವಾದಷ್ಟು ಸಂತೋಷವಾಯಿತು.

ಚೇಟ್ಟನ್ ಕಾರಿಗೆ ಅಪ್ಪ ಕೈಹಾಕಿದ್ದೂ ಹೀಗೆಯೇ. ಫ್ಯಾನ್ ಬೆಲ್ಟು ಕೀಚು ಕೀಚು ಅನ್ನುತ್ತಿತ್ತು, ಅಪ್ಪ ಇಳಿದುಹೋಗಿ ಬಿಗಿ ಮಾಡಿದ. ಇಷ್ಟೇ. ಅಂದಿನಿಂದ ಚೇಟ್ಟನ್ ಅವನನ್ನು "ಆಶಾನೇ" ಎಂದು ಕರೆಯತೊಡಗಿದರು. ಕೇರಳದ ಗ್ಯಾರೇಜುಗಳಲ್ಲಿ ದೊಡ್ಡ ಮೇಸ್ತ್ರಿಗೆ ಆಶಾನ್ ಅನ್ನುತ್ತಾರೆ, ಗುರು ಎಂಬ ಅರ್ಥ. ಅದಕ್ಕೂ ಮೊದಲು ಅವರ ಬಾಯಲ್ಲಿ ಅಪ್ಪ ಬರೀ "ಅಚ್ಛನ್" ಆಗಿದ್ದ, ಮೇಲಿನ ಮನೆಯವಳ ತಂದೆ. ಬೆಳಗ್ಗೆ ಏಳಕ್ಕೆ ಕೆಳಗಿನಿಂದ "ಆಶಾನೇ" ಎಂದು ಕೂಗಿದರೆ ಅಪ್ಪ ತಿನ್ನುತ್ತಿದ್ದ ಇಡ್ಲಿಯನ್ನು ಅರ್ಧಕ್ಕೆ ಬಿಟ್ಟು ಹೋಗುತ್ತಿದ್ದ. ನನ್ನ ಗಂಡ "ನಾವು ಕೂಗಿದ್ರೆ ಕಿವಿ ಕೇಳಲ್ಲ ಮಾವನಿಗೆ" ಎಂದು ಛೇಡಿಸುತ್ತಿದ್ದರು.

ಸಂಜೆ ನನಗೆ ಪಾಠ ಹೇಳುವ ಕೆಲಸ. ಅಪ್ಪನಿಗೆ ಪಾಯಿಂಟು ಇಲ್ಲದ ಇಂಜಿನ್ನು ಉರಿಯುವುದು ಹೇಗೆ ಎಂದು ಗೊತ್ತಾಗಲೇಬೇಕಿತ್ತು.

"ಪಾಯಿಂಟಿನ ಕೆಲಸ ಏನಪ್ಪಾ?" ಎಂದು ನಾನು ಟೀಚರಮ್ಮನ ಗತ್ತಿನಲ್ಲಿ ಕೇಳಿದೆ.

"ಕಾಯಿಲ್‌ಗೆ ಹೋಗೋ ಕರೆಂಟನ್ನ ಪಟ್ ಅಂತ ಕಡಿಯೋದು. ಕಡಿದ ಏಟಿಗೆ ಕಾಯಿಲ್ಲು ಸಾವಿರಾರು ವೋಲ್ಟು ಕಕ್ಕುತ್ತೆ, ಪ್ಲಗ್ಗಲ್ಲಿ ಕಿಡಿ ಹಾರುತ್ತೆ."

"ಇಲ್ಲೂ ಅದೇ. ಕಡಿಯೋದಕ್ಕೆ ಎರಡು ಲೋಹದ ತುಣುಕಿನ ಬದಲು ಟ್ರಾನ್ಸಿಸ್ಟರ್ ಇದೆ. ಇಂಜಿನ್ ಎಷ್ಟು ಸುತ್ತಿದೆ ಅಂತ ಒಂದು ಸೆನ್ಸರ್ ಹೇಳುತ್ತೆ, ಕಂಪ್ಯೂಟರು ಲೆಕ್ಕ ಹಾಕುತ್ತೆ, ಇಗ್ನೈಟರ್ ಅನ್ನೋ ಈ ಡಬ್ಬಿಗೆ 'ಈಗ ಕಡಿ' ಅನ್ನುತ್ತೆ. ಸವೆಯೋದಿಲ್ಲ, ಕರಕಲಾಗೋದಿಲ್ಲ."

"ಅಂದ್ರೆ ಉಜ್ಜೋಕೆ ಏನೂ ಇಲ್ಲ," ಎಂದು ಅಪ್ಪ ಸ್ವಲ್ಪ ಬೇಜಾರು ಮಾಡಿಕೊಂಡ. ಮೂವತ್ತು ವರ್ಷ ಪಾಯಿಂಟು ಉಜ್ಜಿ ಸಂಸಾರ ಸಾಕಿದವನು.

ಟರ್ಬೊ ಅವನಿಗೆ ತಕ್ಷಣ ಹಿಡಿಸಿತು. ಹೊಗೆಕೊಳವೆಯಲ್ಲಿ ವ್ಯರ್ಥವಾಗಿ ಹೋಗುವ ಬಿಸಿಗಾಳಿ ಒಂದು ಚಕ್ರ ತಿರುಗಿಸುತ್ತದೆ, ಅದಕ್ಕೆ ಜೋಡಿಸಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಸಿಲಿಂಡರಿಗೆ ತುರುಕುತ್ತದೆ. ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲು, ಹೆಚ್ಚು ದಮ್ಮು. "ಹೋಗೋ ಉಸಿರಲ್ಲೇ ಬರೋ ಉಸಿರು ಎಳ್ಕೊಳ್ಳತ್ತೆ," ಎಂದು ಅಪ್ಪ ತಲೆದೂಗಿದ. ಆದರೆ ಹಾಗೆ ಒತ್ತಿ ತುಂಬಿದ ಗಾಳಿ ಬಿಸಿಯಾಗಿ, ಕಿಡಿ ತಾಗಿದ ಮೇಲೆ ಒಂದು ಮೂಲೆಯಲ್ಲಿ ತಾನೇ ಸಿಡಿಯುವ ಅಪಾಯವಿರುತ್ತದೆ. ಆಗ ಇಂಜಿನ್ನು ಒಳಗಿನಿಂದ ಸುತ್ತಿಗೆಯಲ್ಲಿ ಹೊಡೆದಂತೆ ಟಿಣಿಟಿಣಿ ಅನ್ನುತ್ತದೆ. ಅದನ್ನು ಕೇಳಿಸಿಕೊಳ್ಳಲು ಇಂಜಿನ್ನಿನ ಮೈಗೇ ಒಂದು ಸೆನ್ಸರ್ ತಿರುಪಿರುತ್ತಾರೆ. ಅದು ಸದ್ದು ಕೇಳಿದ್ದೇ ಕಂಪ್ಯೂಟರು ಕಿಡಿಯನ್ನು ಒಂದು ಚೂರು ತಡವಾಗಿ ಹಾರಿಸುತ್ತದೆ. ಇದನ್ನು ಹೇಳಿದಾಗ ಅಪ್ಪ ಎದ್ದುಹೋಗಿ ತನ್ನ ಉದ್ದನೆಯ ಸ್ಕ್ರೂಡ್ರೈವರ್ ತಂದ. ಅದರ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಇಟ್ಟು ಅವನು ಜೀವಮಾನವಿಡೀ ಮಾಡಿದ್ದೂ ಅದೇ ಕೆಲಸ. "ಜಪಾನ್ನೋರು ನನ್ನ ಕಿವಿ ಕದ್ದವ್ರೆ," ಅಂದ. ಆ ರಾತ್ರಿ ಎರಡು ಚಪಾತಿ ಜಾಸ್ತಿ ತಿಂದ.

ಮಳೆಗಾಲ ಹಿಡಿದ ಮೇಲೆ ಕಾರು ಬೆಳಗ್ಗೆ ಸ್ಟಾರ್ಟಾಗಲು ಹಟ ಮಾಡತೊಡಗಿತು. ಅಪ್ಪ ಪ್ಲಗ್ಗು ಬಿಚ್ಚಿದ, ನಾಲ್ಕೂ ಮಸಿ. ಆ ತರದ ಹೊಸ ಪ್ಲಗ್ಗು ನಮ್ಮಲ್ಲಿ ಸಿಗುತ್ತಿರಲಿಲ್ಲ. ಅಪ್ಪ ಅವನ್ನು ಪೆಟ್ರೋಲಿನಲ್ಲಿ ನೆನೆಸಿ ತಂತಿ ಬ್ರಷ್ಷಿನಲ್ಲಿ ಉಜ್ಜಿ ಬೆಳ್ಳಗೆ ಮಾಡಿ, ಪೇಪರಿನ ಮೇಲೆ ಸಾಲಾಗಿ ನಿಲ್ಲಿಸಿದ. ಆಮೇಲೆ ತನ್ನ ಚೀಲದಿಂದ ಒಂದು ಮುರುಕು ಹ್ಯಾಕ್ಸಾ ಬ್ಲೇಡು ತೆಗೆದ. ಪ್ಲಗ್ಗಿನ ತುದಿಯಲ್ಲಿ ಎರಡು ಲೋಹದ ಮೊನೆಗಳ ನಡುವೆ ಕಿಡಿ ಹಾರಲು ಬಿಟ್ಟ ಜಾಗವೇ ಗ್ಯಾಪು. ಅವನ ಕಾಲದ ಮೇಸ್ತ್ರಿಗಳೆಲ್ಲ ಅದಕ್ಕೆ ಹ್ಯಾಕ್ಸಾ ಬ್ಲೇಡಿನ ದಪ್ಪವನ್ನೇ ಅಳತೆ ಮಾಡಿಕೊಂಡಿದ್ದರು.

ಅಂದು ಭಾನುವಾರ, ನಾನು ಮನೆಯಲ್ಲಿದ್ದೆ, ಅದೇ ತೊಂದರೆಯಾದದ್ದು.

"ಅಪ್ಪಾ, ಬ್ಲೇಡಾ? ಇದು ಎಲೆಕ್ಟ್ರಾನಿಕ್ ಇಗ್ನಿಷನ್ನು! ಆ ಕಾಲದ ಕಾಯಿಲ್ಲಿಗೆ ಶಕ್ತಿ ಇರಲಿಲ್ಲ ಅಂತ ಗ್ಯಾಪು ಸಣ್ಣಗೆ ಇಡ್ತಿದ್ರು. ಇದಕ್ಕೆ ದುಪ್ಪಟ್ಟು ವೋಲ್ಟೇಜಿದೆ. ಅಗಲ ಇಟ್ಟಷ್ಟೂ ಕಿಡಿ ದಪ್ಪ, ಪೆಟ್ರೋಲು ಚೆನ್ನಾಗಿ ಉರಿಯುತ್ತೆ. ಪುಸ್ತಕದಲ್ಲಿದೆ."

ಪುಸ್ತಕದಲ್ಲಿ ಇದ್ದದ್ದು ನಿಜ. ಆಫೀಸಿನ ಲೈಬ್ರರಿಯಿಂದ ತಂದಿದ್ದೆ. ಎಲೆಕ್ಟ್ರಾನಿಕ್ ಇಗ್ನಿಷನ್ನಿನ ಅಧ್ಯಾಯವನ್ನು ಓದಿದ್ದೆ. ಟರ್ಬೊ ಇಂಜಿನ್ನಿನ ಅಧ್ಯಾಯ ಅದೇ ಪುಸ್ತಕದಲ್ಲಿ ಎಂಬತ್ತು ಪುಟ ಆಚೆ ಇತ್ತು, ಅಷ್ಟು ದೂರ ನಾನು ಹೋಗಿರಲಿಲ್ಲ.

ಅಪ್ಪ ಬ್ಲೇಡನ್ನು ಒಂದು ಪ್ಲಗ್ಗಿನ ಬಾಯಿಗೆ ತೂರಿಸಿ ತೋರಿಸಿದ. "ಬಿಚ್ಚಿದಾಗ ಇಷ್ಟೇ ಇತ್ತು ಕಣವ್ವ. ಸರಿಯಾಗಿ ಕೂತ್ಕೊಳ್ಳತ್ತೆ ನೋಡು. ಇಟ್ಟೋನು ಸುಮ್ಮನೆ ಇಟ್ಟಿರಲ್ಲ. ಮತ್ತೆ ನೀನೇ ಅಂದೆಯಲ್ಲ, ಒಳಗೆ ಗಾಳಿ ತುರುಕ್ತಾರೆ ಅಂತ. ತುಂಬಿದ ಬಸ್ಸಲ್ಲಿ ಕಂಡಕ್ಟರು ಹಿಂದಲಿಂದ ಮುಂದಕ್ಕೆ ಬರೋದು ಕಷ್ಟ ಅಲ್ವಾ? ಕಿಡಿಗೂ ಹಂಗೇ ಅಲ್ವಾ?"

ನಾನು ನಕ್ಕೆ. ಈಗ ಬರೆಯುವಾಗಲೂ ಆ ನಗೆ ನೆನಪಾಗಿ ಕಿವಿ ಬಿಸಿಯಾಗುತ್ತದೆ. ಕಂಡಕ್ಟರಂತೆ ಕಿಡಿಯಂತೆ! ಹತ್ತು ವರ್ಷದಿಂದ ಕಿಡಿಗಳ ಜೊತೆ ಬಾಳುತ್ತಿದ್ದವಳು ನಾನು. ಅಪ್ಪ ಹೇಳಿದ್ದು ಅಕ್ಷರಶಃ ಭೌತಶಾಸ್ತ್ರ. ಗಾಳಿ ತೆಳ್ಳಗಾದರೆ ಕಿಡಿ ಸುಲಭವಾಗಿ ಹಾರುವುದಾದರೆ ಗಾಳಿ ದಟ್ಟವಾದರೆ ಕಷ್ಟಪಡಬೇಕು. ಆದರೆ ನನ್ನ ಕೆಲಸದಲ್ಲಿ ಗಾಳಿ ಕಡಿಮೆಯಾಗುತ್ತಿತ್ತೇ ಹೊರತು ಹೆಚ್ಚಾದದ್ದಿರಲಿಲ್ಲ. ಆ ಕಡೆಗೆ ನನ್ನ ತಲೆ ಓಡಲೇ ಇಲ್ಲ. ಅಪ್ಪನ ಕೈಯಿಂದ ಪ್ಲಗ್ಗು ಕಿತ್ತುಕೊಂಡು, ವರ್ನಿಯರ್ ಅಳತೆಗೋಲು ಹಿಡಿದು, ನಾಲ್ಕರ ಗ್ಯಾಪನ್ನೂ ಇದ್ದದ್ದಕ್ಕಿಂತ ಹೆಚ್ಚು ಕಡಿಮೆ ಅರ್ಧ ಮಿಲಿಮೀಟರು ಅಗಲ ಮಾಡಿದೆ.

ಆಮೇಲೆ ಪರೀಕ್ಷೆ. ಚೇಟ್ಟನ್, ಅವರ ಹೆಂಡತಿ, ಹಾಲು ತಂದ ಹೆಂಗಸು, ಎಲ್ಲರೂ ಸುತ್ತ ನಿಂತರು. ಒಂದು ಪ್ಲಗ್ಗನ್ನು ಹೊರಗೇ ವೈರಿಗೆ ಸಿಕ್ಕಿಸಿ, ಇಂಜಿನ್ನಿನ ಮೈಗೆ ತಾಗಿಸಿಟ್ಟು ಸೆಲ್ಫ್ ಹೊಡೆಸಿದೆ. ನೀಲಿ ಕಿಡಿ ಚಟಚಟ ಎಂದು ಹಾರಿತು. ಹಾಲಿನವಳು ಚಪ್ಪಾಳೆ ತಟ್ಟಿದಳು. ಯಾರೂ ಕೆಂಪು ಶಾಯಿ ತರಲಿಲ್ಲ.

ಕಾರು ಒಂದೇ ಸಲಕ್ಕೆ ಸ್ಟಾರ್ಟಾಯಿತು. ಚೇಟ್ಟನ್ ಖುಷಿಯಲ್ಲಿ ಶ್ರೀಕಾರ್ಯಂ ಕಡೆಗೆ ಹೊರಟರು. ಇಪ್ಪತ್ತು ನಿಮಿಷಕ್ಕೆ ವಾಪಸು ಬಂದಾಗ ಮುಖ ಬೇರೆಯಾಗಿತ್ತು. ಮೆಲ್ಲಗೆ ಹೋದರೆ ಬೆಣ್ಣೆಯಂತೆ ಹೋಗುತ್ತದೆ, ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಟರ್ಬೊ ಎದ್ದೇಳುವ ಹೊತ್ತಿಗೆ ಸರಿಯಾಗಿ ಡಬ್ ಡಬ್ ಎಂದು ಕೆಮ್ಮಿ ಮುಗ್ಗರಿಸುತ್ತದೆ. ಕಾಲೇಜು ಹುಡುಗಿಯರ ಲೂನಾ ತಮ್ಮನ್ನು ಹಿಂದೆ ಹಾಕಿತು ಎಂದು ಅವರು ನೊಂದುಕೊಂಡು ಹೇಳಿದರು.

ಆಮೇಲೆ ಅವರು ಮಗಳನ್ನು ಕರೆಯುವ ಹಾಗೆ ಕರೆದು, ಮಲಯಾಳದಲ್ಲಿ, ತಗ್ಗಿದ ದನಿಯಲ್ಲಿ ಕೇಳಿದರು, "ಅಲ್ಲ ಮೋಳೇ, ಅಚ್ಛನ್ ಪ್ಲಗ್ಗು ತೊಳೆಯುವಾಗ ಏನಾದರೂ ಹೆಚ್ಚುಕಮ್ಮಿ ಮಾಡಿದರಾ?"

ಅಪ್ಪ ಎರಡು ಗಜ ಆಚೆ, ಕೈಯಲ್ಲಿ ಬಟ್ಟೆ ಹಿಡಿದು ನಿಂತಿದ್ದ. ಆಶಾನ್ ಮತ್ತೆ ಅಚ್ಛನ್ ಆದದ್ದು ನನ್ನ ಕಿವಿಗೆ ಬಿತ್ತು. ಗ್ಯಾಪು ನಾನಿಟ್ಟದ್ದು, ಅಪ್ಪ ಬೇಡ ಅಂದಿದ್ದ ಎಂದು ಹೇಳಲು ಎಷ್ಟು ಹೊತ್ತು ಬೇಕು? ನಾನು ಹೇಳಿದ್ದು ಹೀಗೆ, "ಅವರದು ಹಳೇ ಕಾಲದ ಕೈ ಚೇಟ್ಟಾ, ಕಂಪ್ಯೂಟರ್ ಕಾರು ಅಭ್ಯಾಸವಿಲ್ಲ. ಆದರೆ ನನಗನ್ನಿಸುವುದು ಇಗ್ನೈಟರ್ ಡಬ್ಬಿ ಹೋಗಿದೆ."

"ಏನಂತೆ?" ಎಂದು ಅಪ್ಪ ಕೇಳಿದ.

"ಏನಿಲ್ಲ. ಒಂದು ಪಾರ್ಟು ಕೆಟ್ಟಿದೆಯಂತೆ."

ಕನ್ನಡ ಮಲಯಾಳಗಳ ನಡುವೆ ಅವರಿಬ್ಬರಿಗೂ ಇದ್ದ ಸೇತುವೆ ನಾನೊಬ್ಬಳೇ ಎಂದು ನಂಬಿದ್ದೆ. ಎರಡೂ ಕಡೆಗೆ ಒಂದೇ ಉಸಿರಿನಲ್ಲಿ ಸುಳ್ಳು ಹೇಳಿದೆ. ಆಗ ಅದು ಸುಳ್ಳು ಅನ್ನಿಸಲೂ ಇಲ್ಲ. ನನ್ನ ಗ್ಯಾಪು ತಪ್ಪಿರಲು ಸಾಧ್ಯವೇ ಇಲ್ಲವಲ್ಲ, ಕಿಡಿಯನ್ನು ಕಣ್ಣಾರೆ ನೋಡಿದ್ದೆನಲ್ಲ!

ಮರುದಿನ ಬೆಳಗ್ಗೆ ಏಳಕ್ಕೆ ಕೆಳಗಿನಿಂದ ಯಾರೂ ಕೂಗಲಿಲ್ಲ. ಅಪ್ಪ ಶೇವ್ ಮಾಡಿಕೊಂಡು, ಇಸ್ತ್ರಿ ಷರಟು ಹಾಕಿಕೊಂಡು ಬಾಲ್ಕನಿಯಲ್ಲಿ ಕುಳಿತ. ಸಂಜೆ ನನ್ನ ಗಂಡನ ಹತ್ತಿರ ಬೆಂಗಳೂರು ರೈಲಿಗೆ ಟಿಕೆಟ್ಟು ತೆಗೆಸಲು ಹೇಳಿದ. ಬರುವ ಭಾನುವಾರಕ್ಕೆ. ಮೈಸೂರಿನಲ್ಲಿ ಹಳೇ ವರ್ಕ್‌ಶಾಪಿನ ಪಕ್ಕ ಒಂದು ರೂಮು ಮಾಡಿಕೊಂಡು ಇರುತ್ತಾನಂತೆ. "ಯಾಕಪ್ಪಾ?" ಅಂದರೆ, "ಬೇಜಾರು ಕಣವ್ವ, ಇಲ್ಲಿ ಕೆಲಸ ಇಲ್ಲ," ಅಂದ. ನಾನು ಕೂಗಾಡಿದೆ. ಅವನು ಹೋಗಬಾರದು ಅನ್ನುವುದು ನನಗೆ ಎಷ್ಟು ಮುಖ್ಯವಾಗಿತ್ತೆಂದರೆ, ಅದನ್ನು ಮೆತ್ತಗೆ ಹೇಳಲು ಬಾರದೆ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದೆ. ಕಾರು ಸರಿಹೋದರೆ ಚೇಟ್ಟನ್ ಮತ್ತೆ ಕೂಗುತ್ತಾರೆ, ಕೂಗಿದರೆ ಅಪ್ಪ ಉಳಿಯುತ್ತಾನೆ. ಇದು ನನ್ನ ಲೆಕ್ಕಾಚಾರ. ಆದ್ದರಿಂದ ಆ ಡಬ್ಬಿಯನ್ನು ತಂದೇ ತರಬೇಕು.

ಹಡಗಿನಲ್ಲಿ ಬಂದ ಹಳೇ ಜಪಾನಿ ಬಿಡಿಭಾಗ ಮಾರುವ ಅಂಗಡಿಯೊಂದು ಕೊಚ್ಚಿಯಲ್ಲಿದೆ ಎಂದು ಚೇಟ್ಟನ್ ಪತ್ತೆ ಮಾಡಿದರು. ಗುರುವಾರ ನಾನು ರಜೆ ಹಾಕಿದೆ. ಅಪ್ಪನನ್ನು ಯಾರೂ ಕರೆದಿರಲಿಲ್ಲ. ಬೆಳಗ್ಗೆ ಐದೂವರೆಗೆ ಕೆಳಗಿಳಿದು ನೋಡಿದರೆ ಚೀಲ ಹಿಡಿದು ಕಾರಿನ ಪಕ್ಕ ನಿಂತಿದ್ದ. "ಈ ಕಾರು ಇಳಿದ ಊರು ನೋಡಿಬಿಟ್ಟು ಹೋಗ್ತೀನಿ," ಅಂದ.

ಟರ್ಬೊ ಎದ್ದೇಳದಂತೆ ಕಾರು ಓಡಿಸುವುದೆಂದರೆ ಮಲಗಿದ ಮಗುವನ್ನು ಎತ್ತಿಕೊಂಡು ನಡೆದಂತೆ. ಚೇಟ್ಟನ್ ಪಾದದ ಕಿರುಬೆರಳಿನಲ್ಲಿ ಆಕ್ಸಿಲರೇಟರ್ ಮುಟ್ಟುತ್ತಿದ್ದರು. ಆಟ್ಟಿಂಗಲ್ಲಿನ ಏರಿನಲ್ಲಿ ತೆಂಗಿನನಾರು ಹೇರಿದ ಲಾರಿ ನಮ್ಮನ್ನು ದಾಟಿತು. ಕೊಲ್ಲಂ ಆದಮೇಲೆ ಕೆಂಪು ಹಳದಿ ಸರ್ಕಾರಿ ಬಸ್ಸು ದಾಟಿತು, ಅದರ ಕಿಟಕಿಯಿಂದ ಒಬ್ಬ ಅಜ್ಜಿ ನಮ್ಮ ಬಾಗಿಲಿನ ಮೇಲಿದ್ದ ಅಕ್ಷರಗಳನ್ನು ಸಾವಕಾಶವಾಗಿ ಓದಿಕೊಂಡರು. ಆಲಪ್ಪುಳದ ಹತ್ತಿರ ಸ್ಕೂಟರಿನ ಮೇಲೆ ಗ್ಯಾಸ್ ಸಿಲಿಂಡರು ಕಟ್ಟಿಕೊಂಡವನೊಬ್ಬ ದಾಟಿದ. ನಾನು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ. ಮುಂದಿನ ಸೀಟಿನಲ್ಲಿದ್ದ ಅಪ್ಪ ನಗಲಿಲ್ಲ. ಚೇಟ್ಟನ್ ಹಾದಿಯುದ್ದಕ್ಕೂ ಅವನಿಗೆ ಚಹಾ ಬೇಕಾ, ಕಿಟಕಿ ಇಳಿಸಲಾ ಎಂದು ವಿಚಾರಿಸುತ್ತಲೇ ಇದ್ದರು. ಕಾರಿನ ಬಗ್ಗೆ ಮಾತ್ರ ಒಂದು ಮಾತೂ ಕೇಳಲಿಲ್ಲ.

ಅಂಗಡಿ ಒಂದು ಗಲ್ಲಿಯ ಕೊನೆಯಲ್ಲಿತ್ತು. ಗೇರ್‌ಬಾಕ್ಸುಗಳು, ಬಾಗಿಲುಗಳು, ಹೆಡ್‌ಲೈಟುಗಳು ಮಳೆಯಲ್ಲಿ ನೆನೆಯುತ್ತಾ ಬಿದ್ದಿದ್ದವು. ಅಂಗಡಿಯವರು ನನ್ನಪ್ಪನ ವಯಸ್ಸಿನವರು, ಲುಂಗಿಯನ್ನು ಮಡಚಿ ಕಟ್ಟಿದ್ದರು, ಕನ್ನಡಕಕ್ಕೆ ದಾರ. ನಾನು ಶುದ್ಧ ತಾಂತ್ರಿಕ ಭಾಷೆಯಲ್ಲಿ ಐದು ನಿಮಿಷ ಮಾತಾಡಿ ಇಗ್ನೈಟರ್ ಕೊಡಿ ಅಂದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಡಬ್ಬಿ ಕೆಟ್ಟರೆ ಕಾರು ಸ್ಟಾರ್ಟೇ ಆಗುವುದು ಕಷ್ಟ ಮೋಳೇ. ನೀವು ಇನ್ನೂರು ಕಿಲೋಮೀಟರು ಓಡಿಸಿಕೊಂಡು ಬಂದಿದ್ದೀರಿ. ಒಂದು ಪ್ಲಗ್ಗು ಬಿಚ್ಚಿ ತನ್ನಿ."

ಪ್ಲಗ್ಗನ್ನು ಒಳಗೆ ತೆಗೆದುಕೊಂಡು ಹೋಗಿ ಒಂದು ಹಳೇ ಯಂತ್ರಕ್ಕೆ ತಿರುಪಿದರು. ಚಿಕ್ಕ ಉಕ್ಕಿನ ಕೋಣೆ, ಅದಕ್ಕೊಂದು ಗಾಜಿನ ಕಿಂಡಿ, ಪಕ್ಕದಲ್ಲಿ ಗಾಳಿಯ ನಲ್ಲಿ ಮತ್ತು ಒತ್ತಡದ ಮುಳ್ಳು. ಅದನ್ನು ಕಂಡದ್ದೇ ಅಪ್ಪನ ಮುಖ ಅರಳಿತು. "ನಮ್ಮ ವರ್ಕ್‌ಶಾಪಲ್ಲೂ ಇತ್ತು ಇದು," ಎಂದು ನನ್ನ ಮೊಣಕೈ ತಟ್ಟಿದ. ನಾನು ಮಾತ್ರ ಒಂದು ಹೆಜ್ಜೆ ಹಿಂದೆ ಸರಿದೆ. ಆಫೀಸಿನಲ್ಲಿ ನಾನು ದಿನಾ ಕಣ್ಣಿಟ್ಟು ಕೂರುವ ಡಬ್ಬಿಯೇ ಇದು. ಅಲ್ಲಿ ಗಾಳಿ ಹೀರುತ್ತೇವೆ, ಇಲ್ಲಿ ತುಂಬುತ್ತಾರೆ.

ಅಂಗಡಿಯವರು ಗುಂಡಿ ಒತ್ತಿದರು. ಕಿಂಡಿಯಲ್ಲಿ ನೀಲಿ ಕಿಡಿ ಚಟಚಟ ಹಾರಿತು, ಹಾಲಿನವಳು ಚಪ್ಪಾಳೆ ತಟ್ಟಿದ್ದ ಅದೇ ಕಿಡಿ. ಆಮೇಲೆ ನಲ್ಲಿ ತಿರುಗಿಸಿದರು. ಮುಳ್ಳು ಏರಿತು. ಕಿಡಿ ತಡವರಿಸಿತು, ಒಮ್ಮೆ ಹಾರಿತು, ಎರಡು ಸಲ ತಪ್ಪಿತು. ಇನ್ನೊಂಚೂರು ತಿರುಗಿಸಿದರು. ಕಿಂಡಿ ಕತ್ತಲಾಯಿತು.

"ಟರ್ಬೊ ಇಂಜಿನ್ನಿಗೆ ಇಷ್ಟು ಗ್ಯಾಪು ಯಾರಿಟ್ಟದ್ದು?" ಎಂದು ಅವರು ಗಟ್ಟಿಯಾಗಿ ನಕ್ಕರು. "ಯಾವ ದಡ್ಡ?"

ಚೇಟ್ಟನ್ ತಟಕ್ಕನೆ ತಿರುಗಿ, ಹೊರಗೆ ಬಿದ್ದಿದ್ದ ಗೇರ್‌ಬಾಕ್ಸುಗಳನ್ನು ನೋಡತೊಡಗಿದರು. ನಮ್ಮಪ್ಪನ ಮುಖ ನೋಡಬಾರದೆಂದು. ಅಷ್ಟು ಒಳ್ಳೆಯ ಮನುಷ್ಯ. ಅವರು ಬೈದಿದ್ದರೆ ನಾನು ಇನ್ನೂ ಎರಡು ದಿನ ಬಾಯಿ ಮುಚ್ಚಿಕೊಂಡಿರುತ್ತಿದ್ದೆನೋ ಏನೋ. ಆ ಮರ್ಯಾದೆಯನ್ನು ನನಗೆ ತಡೆದುಕೊಳ್ಳಲಾಗಲಿಲ್ಲ.

"ನಾನು," ಅಂದೆ. ಮಲಯಾಳದಲ್ಲಿ, ಇಬ್ಬರಿಗೂ ಕೇಳುವಂತೆ. "ಚೇಟ್ಟಾ, ಗ್ಯಾಪು ಇಟ್ಟದ್ದು ನಾನು. ಅಪ್ಪ ಬೇಡ ಅಂದ. ಬಿಚ್ಚಿದಾಗ ಇದ್ದ ಅಳತೆ ತೋರಿಸಿದ. ಗಾಳಿ ಒತ್ತಿ ತುಂಬಿದ ಕಡೆ ಕಿಡಿ ಹಾರುವುದು ಕಷ್ಟ ಅಂತಲೂ ಹೇಳಿದ, ಈಗ ಇವರು ತೋರಿಸಿದ್ದನ್ನೇ. ನಾನು ನಕ್ಕುಬಿಟ್ಟೆ. ಆಮೇಲೆ ನೀವು ಕೇಳಿದಾಗ ಅಪ್ಪನ ಮೇಲೆ ಹಾಕಿದೆ. ಅವನು ಹೇಳಿದ್ದನ್ನು ನಿಮಗೆ ಹೇಳಲೇ ಇಲ್ಲ."

ಚೇಟ್ಟನ್ ನನ್ನನ್ನು ನೋಡಿದ ರೀತಿ ಹಿತವಾಗಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಆಮೇಲೆ ಅವರು ಅಪ್ಪನ ಹತ್ತಿರ ಹೋಗಿ, ಕಾರಿನ ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟು, "ಆಶಾನೇ, ಗ್ಯಾಪು ನೀವೇ ಇಡಿ," ಅಂದರು. ಅಷ್ಟನ್ನು ನಾನು ಅನುವಾದ ಮಾಡಬೇಕಾಗಲಿಲ್ಲ.

ಅಂಗಡಿಯವರು ಒಂದು ಸ್ಟೂಲು ಕೊಟ್ಟರು. ಅಪ್ಪ ಚೀಲದಿಂದ ಬ್ಲೇಡು ತೆಗೆದು ಕೂತ. ಪ್ಲಗ್ಗಿನ ಮೊನೆಯನ್ನು ಸಿಮೆಂಟು ನೆಲಕ್ಕೆ ಟಕ್ ಎಂದು ಒಂದೇ ಒಂದು ಸಲ ತಟ್ಟುವುದು, ಬ್ಲೇಡು ತೂರಿಸಿ ನೋಡುವುದು, ಬೆಳಕಿಗೆ ಹಿಡಿಯುವುದು. ಪ್ರತಿ ಪ್ಲಗ್ಗನ್ನೂ ಅಂಗಡಿಯವರು ಯಂತ್ರಕ್ಕೆ ಹಾಕಿ ಮುಳ್ಳು ಏರಿಸಿದರು. ನಾಲ್ಕೂ ಕಿಡಿ ಕಡೆಯವರೆಗೂ ಬಿಡದೆ ಹಾರಿದವು. ಮೂರನೆಯದರ ಹೊತ್ತಿಗೆ ಇಬ್ಬರು ಮುದುಕರೂ ನನ್ನನ್ನು ಮರೆತು ಯಾವುದೋ ಹಳೇ ಜೀಪಿನ ಕಾರ್ಬುರೇಟರ್ ಬಗ್ಗೆ ಮಾತಿಗಿಳಿದಿದ್ದರು. ಅಪ್ಪ ಮಲಯಾಳದಲ್ಲಿ ಮಾತಾಡುತ್ತಿದ್ದ. ಮುರುಕು ಮಲಯಾಳ, ಆಟೋ ಸ್ಟ್ಯಾಂಡಿನ ಮಲಯಾಳ, ಆದರೆ ಎಲ್ಲೂ ನಿಲ್ಲದ ಮಲಯಾಳ. ನಾನು ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡೆ, ಆವತ್ತು ಅವನೆದುರಿಗೇ ಚೇಟ್ಟನ್‌ಗೆ ಹೇಳಿದ್ದು ನೆನಪಾಯಿತು.

ವಾಪಸು ಬರುವಾಗ ಕೊಚ್ಚಿ ದಾಟುವ ಮೊದಲು ಒಂದು ದೊಡ್ಡ ಸೇತುವೆ ಸಿಕ್ಕಿತು. ಏರು ಶುರುವಾಗುತ್ತಲೇ ಅಪ್ಪ ಚೇಟ್ಟನ್ ಕಡೆ ತಿರುಗಿ ತಲೆಯಾಡಿಸಿದ. ಚೇಟ್ಟನ್ ಒತ್ತಿದರು. ಒಂದು ಕ್ಷಣ ಏನೂ ಆಗಲಿಲ್ಲ, ಆಮೇಲೆ ಎಲ್ಲಿಂದಲೋ ಸೀಟಿ ಊದಿದಂತೆ ಸಣ್ಣ ಸದ್ದು, ಅದರ ಬೆನ್ನಿಗೇ ಯಾರೋ ಹಿಂದಿನಿಂದ ಒದ್ದಂತೆ ಕಾರು ನುಗ್ಗಿತು. ನನ್ನ ತಲೆ ಸೀಟಿಗೆ ಬಡಿಯಿತು, ಮಡಿಲಲ್ಲಿದ್ದ ಬಾಳೆಕಾಯಿ ಚಿಪ್ಸು ಕಾರಿನ ತುಂಬ ಚೆಲ್ಲಿತು. ಎರಡು ಬಸ್ಸು, ಒಂದು ಲಾರಿ, ಒಂದು ಜೀಪು ಹಿಂದೆ ಬಿದ್ದವು. ಇಬ್ಬರು ಗಂಡಸರೂ ಶಾಲೆ ತಪ್ಪಿಸಿಕೊಂಡವರ ಹಾಗೆ ನಕ್ಕರು. ನಾನು ಸೀಟಿನ ಸಂದಿಯಲ್ಲಿ ಚಿಪ್ಸು ಹೆಕ್ಕುತ್ತಾ ಕೂತೆ, ನನಗೆ ಆಗ ತಕ್ಕ ಕೆಲಸ ಅದೇ.

ಚೇರ್ತಲದ ಹತ್ತಿರ ನಿಂಬೆ ಸೋಡಾ ಕುಡಿಯಲು ನಿಲ್ಲಿಸಿದರು. ಚೇಟ್ಟನ್ ಅಂಗಡಿಯ ಒಳಗೆ ಹೋದರು. ಅಪ್ಪ, ನಾನು ಬೆಂಚಿನ ಮೇಲೆ.

"ನಿಂಗೆ ಮಲಯಾಳ ಬರುತ್ತಾ?" ಅಂದೆ.

"ಆಟೋದೋರ ಜೊತೆ ಮೂಗರ ಭಾಷೇಲಿ ಮಾತಾಡ್ತೀನಿ ಅಂದ್ಕೊಂಡಿದ್ದಾ?"

"ಹಾಗಾದ್ರೆ ಆವತ್ತು..."

"ಅರ್ಥ ಆಯ್ತು. ಹಳೇ ಕಾಲದ ಕೈ ಅಂದೆ."

ನಾನು ಸೋಡಾ ಗ್ಲಾಸನ್ನು ಬೆಂಚಿನ ಮೇಲಿಟ್ಟೆ. "ಅಲ್ಲೇ ಯಾಕೆ ಹೇಳಲಿಲ್ಲಪ್ಪಾ? ಗ್ಯಾಪು ಇಟ್ಟೋಳು ಇವಳು ಅಂತ ನೀನೇ ಹೇಳಬಹುದಿತ್ತು."

"ಬೀದಿಯೋರೆಲ್ಲ ನಿನ್ನ ದೊಡ್ಡ ಸೈಂಟಿಸ್ಟು ಅಂತಾರೆ. ನಾನು ಬಾಯಿಬಿಟ್ಟು ನಿನ್ನ ಮರ್ಯಾದೆ ತೆಗೀಲಾ?" ಅಂದ. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದ, "ಟಿಕೆಟ್ಟು ತೆಗೆಸಿದ್ದು ಬೇಜಾರಿಗಲ್ಲ ಕಣವ್ವ. ಕೆಲಸ ಇಲ್ಲ ಅಂತಾನೂ ಅಲ್ಲ. ಹೊರಗಿನೋರ ಮುಂದೆ ನನ್ನ ಮಗಳು ನನ್ನ ಬಿಟ್ಟುಕೊಟ್ಟಳಲ್ಲ, ಆ ಮನೇಲಿ ದಿನಾ ಬೆಳಗ್ಗೆ ಹೆಂಗೆ ಏಳೋದು ಅಂತ ಗೊತ್ತಾಗಲಿಲ್ಲ."

ನಾನು ಅತ್ತೆ. ಸೋಡಾ ಅಂಗಡಿಯ ಬೆಂಚಿನ ಮೇಲೆ, ಹೋಗುವ ಬರುವ ಬಸ್ಸಿನವರೆಲ್ಲ ನೋಡುವಂತೆ, ಸೊರ ಸೊರ ಎಂದು ಅತ್ತೆ. ಅಪ್ಪ ಸಮಾಧಾನ ಮಾಡಲಿಲ್ಲ, ಎದ್ದೂ ಹೋಗಲಿಲ್ಲ. ನನ್ನ ಗ್ಲಾಸನ್ನು ಬೀಳದ ಹಾಗೆ ಹಿಡಿದುಕೊಂಡಿದ್ದ.

"ಈಗಲೂ ಹೋಗ್ತೀಯಾ?" ಎಂದು ಕೇಳಿದೆ.

ಅವನು ನನ್ನ ಸೋಡಾವನ್ನೂ ಕುಡಿದು ಗ್ಲಾಸು ಕೆಳಗಿಟ್ಟ. "ಹೋಗಬೇಕು ಅಂತಾನೇ ಇದ್ದೆ, ಇವತ್ತು ಅಂಗಡೀಲಿ ನೀನು ಬಾಯಿ ಬಿಡೋವರೆಗೂ," ಅಂದ.